ಪಟ್ಟೆ ಹುಲ್ಲು

ಉದ್ಯಾನಗಳ ಅಂಚಿನಲ್ಲಿ ಆಳೆತ್ತರವನ್ನೂ ಮೀರಿ ಬೆಳೆದು, ಹಸಿರೆಲೆಯ ಉದ್ದಕ್ಕೂ ಬೆಣ್ಣೆಯ ಬಣ್ಣದ ಗೆರೆಗಳನ್ನು ತಳೆದು ನಿಲ್ಲುವ ಹುಲ್ಲೊಂದುಂಟು. ಸಸ್ಯಶಾಸ್ತ್ರಜ್ಞರು ಇದನ್ನು ಅರುಂಡೋ ಡೊನಾಕ್ಸ್ ಎಂಬ ಜೊಂಡಿನ ಒಂದು ಭೇದವೆನ್ನುತ್ತಾರೆ. ಕ್ಲಾರಿಯೊನೆಟ್ ವಾದ್ಯದ ನಾಲಗೆಯನ್ನು ಮಾಡುವುದು ಈ ಜೊಂಡಿನ ಕಾಂಡದಿಂದಲೇ.

ಶ್ರೀರಂಗಪಟ್ಟಣ, ಪಾಂಡವಪುರಗಳ ಕಬ್ಬಿನ ಸೀಮೆಯವರು ಇಂಥ ಎಲೆಯನ್ನು ಕಂಡೊಡನೆ ರೋಗವನ್ನು ಶಂಕಿಸುವುದು ಸಹಜ. ಕಬ್ಬಿನ ಗರಿ ಬಿಳಿಚಿದರೆ ವರ್ಷದ ದುಡಿಮೆಯೇ ಹೋದೀತು. ಆದರೆ ಎರಡೂ ಒಂದಲ್ಲ. ಕಬ್ಬ್ಬಿಣದ ಅಂಶ ಸಾಲದ ಕಬ್ಬಿನಲ್ಲಿ ಎಳೆಯ ಗರಿಗಳು ನರಗಳ ನಡುವೆ ಬಿಳಿಚುತ್ತವೆ, ಹಳೆಯವು ಹಸಿರಾಗಿಯೇ ಇರುತ್ತವೆ. ಅನ್ನಭೇದಿಯ ನೀರನ್ನು ಸಿಂಪಡಿಸಿದರೆ ಬಣ್ಣ ಮರಳುತ್ತದೆ. ನಂಜುರೋಗದಲ್ಲಾದರೋ ಮಚ್ಚೆಗಳು ತುಂಡುತುಂಡಾಗಿ ಹರಡಿರುತ್ತವೆ. ಸಸ್ಯಹೇನೂ ಬಿತ್ತನೆಯ ತುಂಡುಗಳೂ ಅದನ್ನು ಒಯ್ಯುತ್ತವೆ. ಉದ್ಯಾನದ ಹುಲ್ಲಿನ ಪಟ್ಟೆಯಾದರೋ ಬುಡದಿಂದ ತುದಿಯವರೆಗೆ ಗೀಟೆಳೆದಂತೆ ಸ್ಪಷ್ಟ. ಅದು ನೆರೆಯ ಗಿಡಕ್ಕೆ ಅಂಟುವುದಿಲ್ಲ, ಯಾವ ಗೊಬ್ಬರಕ್ಕೂ ಅಳಿಯುವುದಿಲ್ಲ.

ಇದರ ಕಾರಣವು ಹುಲ್ಲಿನ ಬೆಳವಣಿಗೆಯ ರೀತಿಯಲ್ಲಿಯೇ ಇದೆ. ಹುಲ್ಲಿನೆಲೆ ಬೆಳೆಯುವುದು ತುದಿಯಿಂದಲ್ಲ, ಬುಡದಿಂದ. ಅಲ್ಲಿನ ಜೀವಕೋಶಗಳು ಸಾಲುಸಾಲಾಗಿ ಮೇಲಕ್ಕೆ ಸಾಗುತ್ತವೆ. ಹಸಿರನ್ನುಂಟುಮಾಡುವ ಶಕ್ತಿಯನ್ನು ಕಳೆದುಕೊಂಡ ಕೋಶದ ಸಂತತಿಯೆಲ್ಲ ಬಿಳಿಯ ಸಾಲಾಗಿ ನಿಲ್ಲುತ್ತದೆ. ಬಿಳಿಯ ಭಾಗ ಆಹಾರವನ್ನು ತಯಾರಿಸಲಾರದು. ಹಸಿರಿನ ದುಡಿಮೆಯಿಂದ ಅದು ಬದುಕುತ್ತದೆ. ಆದುದರಿಂದಲೇ ಪೂರ್ಣ ಹಸಿರಾದ ಮರಿಯೊಂದು ಬುಡದಿಂದ ಹೊರಟರೆ ಅದು ಬಲಿತು ಪಟ್ಟೆಯ ಮರಿಗಳನ್ನು ಅದುಮಿಬಿಡುತ್ತದೆ. ತೋಟಗಾರ ಅದನ್ನು ಬುಡಸಮೇತ ಕೀಳಬೇಕು.

ಪಟ್ಟೆಯೆಂದರೆ ಕೇಡೆಂಬ ಭಾವನೆಗೆ ಈ ಸೀಮೆಯ ಇತಿಹಾಸವೂ ಒಪ್ಪದು. 1800ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಫ್ರಾನ್ಸಿಸ್ ಬುಕಾನನ್ ಅಲ್ಲಿ ಬೆಳೆಯುತ್ತಿದ್ದ ರಸದಾಳಿ, ಪಟ್ಟಾಪಟ್ಟಿ ಎಂಬ ಎರಡು ಬಗೆಯ ಕಬ್ಬುಗಳನ್ನು ಹೆಸರಿಸಿದ್ದಾನೆ. ಬೆಲ್ಲ ಎರಡರಿಂದಲೂ ಆಗುತ್ತಿತ್ತು. ಸಕ್ಕರೆ ತೆಗೆಯಲು ಒದಗುತ್ತಿದ್ದುದು ಪಟ್ಟಾಪಟ್ಟಿ ಮಾತ್ರ.

ಗೆರೆಯುಳ್ಳ ಉದ್ದನೆಯ ಎಲೆಯೆಲ್ಲ ಹುಲ್ಲೆಂಬುದು ಮತ್ತೊಂದು ಭ್ರಮೆ. ಮನೆಯ ಜಗಲಿಗಳಲ್ಲಿ ತೂಗುಹಾಕುವ ಕ್ಲೋರೋಫೈಟಮ್ ಹುಲ್ಲಲ್ಲ, ಶತಾವರಿಯ ಕುಟುಂಬದ್ದು. ಹಳೆಯ ನಿಘಂಟುಕಾರರ ದೃಷ್ಟಿ ಇಲ್ಲಿ ಸ್ವಾರಸ್ಯವಾಗಿದೆ. ಅಮರಸಿಂಹನು ಬಿದಿರಿಗೆ ತೃಣಧ್ವಜವೆಂಬ ಹೆಸರನ್ನು ಹೇಳಿದ್ದಾನೆ. ಬಿದಿರು ಹುಲ್ಲೇ ಎಂದು ಇಂದಿನ ವಿಜ್ಞಾನವೂ ಒಪ್ಪುತ್ತದೆ. ತೆಂಗು ತಾಳೆಗಳನ್ನು ತೃಣದ್ರುಮವೆಂದುದನ್ನು ಮಾತ್ರ ಒಪ್ಪದು.

ಪಟ್ಟೆ ಹುಲ್ಲು ಹಾವನ್ನು ಕರೆಯುತ್ತದೆಂಬ ಮಾತೂ ಉಂಟು. ಒತ್ತಾದ ಪೊದೆಯಲ್ಲಿ ಇಲಿ ಸೇರಿದರೆ ಹಾವೂ ಬಂದೀತು. ಪಟ್ಟೆಗೂ ಅದಕ್ಕೂ ಸಂಬಂಧವಿಲ್ಲ.

ನಿಜವಾಗಿ ಅಂಜಬೇಕಾದ ವಿಷಯವನ್ನು ಯಾರೂ ಆಡುವುದಿಲ್ಲ. ಈ ಜೊಂಡು ಮೊಳೆಯುವ ಬೀಜವನ್ನು ಬಿಡದು. ಗೆಡ್ಡೆಯ ಚೂರಿನಿಂದಲೂ ಕಾಂಡದ ಗಿಣ್ಣಿನಿಂದಲೂ ಹಬ್ಬುತ್ತದೆ. ಅಮೆರಿಕೆಯ ಕ್ಯಾಲಿಫೋರ್ನಿಯಾದಲ್ಲಿ ಇದರ ಹಸಿರು ಭೇದವು ಹೊಳೆಯ ದಡಗಳನ್ನೇ ಆಕ್ರಮಿಸಿದೆ. ನಾಗಮಂಗಲದ ಕಡೆಯಿಂದ ಬರುವ ಲೋಕಪಾವನಿ ಕರೀಘಟ್ಟದ ಬಳಿ ಕಾವೇರಿಯನ್ನು ಸೇರುತ್ತದೆ. ಹೇಮಾವತಿ ಕೃಷ್ಣರಾಜಪೇಟೆ ತಾಲ್ಲೂಕನ್ನು ಹಾಯ್ದು ಕನ್ನಂಬಾಡಿಯ ಹಿನ್ನೀರಿಗೆ ಇಳಿಯುತ್ತದೆ. ಅಲ್ಲಿಂದ ವಿಶ್ವೇಶ್ವರಯ್ಯ ನಾಲೆ ಪಾಂಡವಪುರದ ಗದ್ದೆಗಳಿಗೆ ಹರಿಯುತ್ತದೆ. ಒಂದೆಡೆ ನೀರಿಗೆಸೆದ ಗಿಣ್ಣು ಮತ್ತೊಂದು ತಾಲ್ಲೂಕಿನ ದಡದಲ್ಲಿ ಬೇರೂರಬಲ್ಲುದು. ಕತ್ತರಿಸಿದ ಕಾಂಡಗಳನ್ನು ಬಂಡೆಯ ಮೇಲೆ ಹರಡಿ, ಪೂರ್ತಿ ಒಣಗಿದ ಮೇಲೆಯೇ ತಿಪ್ಪೆಗೆ ಹಾಕತಕ್ಕದ್ದು.