ಹೊಗೆಯಿಲ್ಲದ ಕೆಂಡ

ಬೆವರುವುದೆಂದರೆ ನನಗೆ ಇಷ್ಟ. ಏಪ್ರಿಲ್ ಬಂತೆಂದರೆ ಬಿಸಿಲು 40 ಡಿಗ್ರಿಯ ಹತ್ತಿರಕ್ಕೆ ಏರುವ ದಾವಣಗೆರೆಯಲ್ಲಿ ನಿಂತು ಹೀಗೆ ಹೇಳಿದರೆ ಜನ ಮುಖ ಮುಖ ನೋಡಿಕೊಳ್ಳುತ್ತಾರೆ. ಆದರೆ ಹಳೇ ಪಿ.ಬಿ. ರಸ್ತೆಯಲ್ಲಿ ಬಸ್ಸಿಗೆ ಕಾಯುವಾಗ ಅಂಗಿಗೆ ಅಂಟುವ ಬೆವರು ಬೇರೆ. ಬಾಗಿಲು ಹಾಕಿಕೊಂಡು, ಸೊಂಟಕ್ಕೊಂದು ಪಂಚೆ ಸುತ್ತಿ, ಮೈ ಕಾಸಿಕೊಳ್ಳುತ್ತ ಕೂತಾಗ ಬರುವ ಬೆವರು ಬೇರೆ. ಅದು ನಮ್ಮ ಮೇಲೆ ಬಂದು ಬೀಳುತ್ತದೆ, ಇದನ್ನು ನಾವೇ ಕರೆಯುತ್ತೇವೆ. ಕರೆದ ಕೂಡಲೇ ಬರುವುದೂ ಇಲ್ಲ. ಐದು ನಿಮಿಷ ಚರ್ಮ ಒಣಗಿಯೇ ಇರುತ್ತದೆ. ಆಮೇಲೆ ಹಣೆ, ಮೇಲ್ದುಟಿ, ಎದೆಯ ನಡು, ಬೆನ್ನುಮೂಳೆಯ ಗುಂಟ ಒಂದು ಸಣ್ಣ ಹರಿವು. ಕೊನೆಗೆ ಮೊಣಕಾಲ ಚಿಪ್ಪಿನ ಮೇಲೆ ಹನಿ ಮೂಡುತ್ತದೆ. ಮೊಣಕಾಲು ಬೆವರಿತೆಂದರೆ ಒಳಗಿನವರೆಗೆ ಬಿಸಿಯಾಯಿತು ಎಂದು ನನ್ನ ಲೆಕ್ಕ.

ಈ ರುಚಿ ಹತ್ತಿದ್ದು ಬಚ್ಚಲುಮನೆಯಲ್ಲಿ. ನೀರು ತುಂಬುವ ಹಬ್ಬದ ಮಾರನೆಯ ನಸುಕಿನಲ್ಲಿ ಮೈಗೆಲ್ಲ ಹರಳೆಣ್ಣೆ ತಿಕ್ಕಿಸಿಕೊಂಡು, ಹಂಡೆಯ ಒಲೆಯ ಮುಂದೆ ಕೂತವರಿಗೆ ಅದು ಗೊತ್ತು. ನೀರು ಹೊಯ್ದುಕೊಳ್ಳುವ ಮುಂಚಿನ ಆ ಹೊತ್ತೇ ನನಗೆ ನಿಜವಾದ ಹಬ್ಬ. ಇನ್ನೊಂದು ಕಡೆಯೂ ಈ ಕಾವು ಇತ್ತು: ಬಾಣಂತಿಯ ಕೋಣೆಯಲ್ಲಿ. ಹೊರಸಿನ ಕೆಳಗೆ ಅಗ್ಗಿಷ್ಟಿಗೆಯಲ್ಲಿ ಕೆಂಡ, ಮೇಲೆ ಕಂಬಳಿ. ಚರಕಸಂಹಿತೆಯ ಸೂತ್ರಸ್ಥಾನದ 14ನೇ ಅಧ್ಯಾಯ ಪೂರ್ತಿ ಬೆವರಿನ ಮೇಲೆಯೇ ಇದೆ. ಬೆಂಕಿಯಿಂದ ಬೆವರಿಸುವ 13 ಬಗೆ, ಬೆಂಕಿಯಿಲ್ಲದೆ ಬೆವರಿಸುವ 10 ಬಗೆ ಅಲ್ಲಿ ಎಣಿಸಿದ್ದಾರೆ. ಬೆಂಕಿಯಿಲ್ಲದವುಗಳಲ್ಲಿ ವ್ಯಾಯಾಮ, ಬಿಸಿಲು, ಭಾರದ ಹೊದಿಕೆಯ ಜೊತೆ ಹಸಿವು, ಭಯ, ಕೋಪವೂ ಸೇರಿವೆ. ಬೆಂಕಿಯ ಬಗೆಗಳಲ್ಲಿ ಕರ್ಷುಸ್ವೇದ ಎಂದೊಂದು. ಮಂಚದ ಕೆಳಗೆ ಗುಂಡಿ ತೋಡಿ, ಹೊಗೆಯಿಲ್ಲದ ಕೆಂಡ ತುಂಬಿ, ಮೇಲೆ ಮಲಗುವುದು. ನಮ್ಮ ಬಾಣಂತಿಯ ಹೊರಸು ಅದರ ನೇರ ಮೊಮ್ಮಗಳು. ಜೇಂತಾಕ ಎಂಬ ಇನ್ನೊಂದು ಬಗೆಯನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನಿದ್ದೆ. ಒಳ್ಳೆಯ ಮೆಟ್ಟಿಲಿರುವ ಕೆರೆಯ ದಂಡೆಯಲ್ಲಿ ದುಂಡನೆಯ ಮನೆ, ಸುತ್ತಲೂ ಗೋಡೆಗೆ ಹತ್ತಿದ ಕಟ್ಟೆ, ನಡುವೆ ತೂತುಗಳಿರುವ ಮಣ್ಣಿನ ಒಲೆ, ಅದರಲ್ಲಿ ಕಗ್ಗಲಿಯ ಕಟ್ಟಿಗೆ. ಹೊರಬಂದ ಕೂಡಲೇ ತಣ್ಣೀರು ಮುಟ್ಟಬೇಡ ಎಂಬ ಎಚ್ಚರಿಕೆಯೂ ಉಂಟು. ಫಿನ್ಲೆಂಡಿನವರು ತಮ್ಮ ಸೌನಾ ಎಂದು ಜಗತ್ತಿಗೆ ತೋರಿಸುವ ಮನೆಗೂ ಇದಕ್ಕೂ ದೂರವೇನಿಲ್ಲ.

ಈಗ ಆ ಬೆವರಿನ ಮನೆ ಮರದ ಪೆಟ್ಟಿಗೆಯಾಗಿ ಬಂದಿದೆ, ಇನ್‌ಫ್ರಾರೆಡ್ ಸೌನಾ ಎಂಬ ಹೆಸರಿನಲ್ಲಿ. ಗಾಜಿನ ಬಾಗಿಲು, ಒಳಗೆ ಕೂರಲು ಹಲಗೆ, ಗೋಡೆಯಲ್ಲಿ ಕಪ್ಪು ಪ್ಯಾನೆಲ್‌ಗಳು. ಫಿನ್ಲೆಂಡಿನ ಸೌನಾದಲ್ಲಿ ಗಾಳಿಯೇ 80ರಿಂದ 100 ಡಿಗ್ರಿ ಕಾದಿರುತ್ತದೆ. ಇದರಲ್ಲಿ 45ರಿಂದ 60 ಡಿಗ್ರಿಯೇ ಸಾಕು, ಏಕೆಂದರೆ ಪ್ಯಾನೆಲ್ ಗಾಳಿಯನ್ನು ನೆಚ್ಚದೆ ಮೈಯನ್ನೇ ಕಾಸುತ್ತದೆ. ಇದು ಹೇಗೆಂದು ತಿಳಿಯಲು ದಾವಣಗೆರೆಯವರು ಪುಸ್ತಕ ಓದಬೇಕಿಲ್ಲ, ಮಂಡಕ್ಕಿ ಭಟ್ಟಿಯ ಮುಂದೆ ಒಮ್ಮೆ ನಿಂತರೆ ಸಾಕು. ಒಲೆಯ ಬಾಯಿಗೆ ಎದುರಾದರೆ ಮುಖ ಚುರುಗುಟ್ಟುತ್ತದೆ. ಒಂದು ಹೆಜ್ಜೆ ಕಂಬದ ಮರೆಗೆ ಸರಿದರೆ ಆ ಚುರುಕು ಥಟ್ಟನೆ ನಿಲ್ಲುತ್ತದೆ. ಗಾಳಿ ಅದೇ, ಜಾಗವೂ ಅದೇ. ನಿಂತದ್ದು ಕಿರಣ. ಬೆಳಕಿನ ಹಾಗೆ ನೇರ ಬರುವ, ಕಣ್ಣಿಗೆ ಕಾಣದ ಆ ಕಿರಣವೇ ಅವಕೆಂಪು, ಅಂದರೆ ಇನ್‌ಫ್ರಾರೆಡ್. 1800ರಲ್ಲಿ ವಿಜ್ಞಾನಿ ವಿಲಿಯಂ ಹರ್ಷೆಲ್ ಪಟ್ಟಕದಿಂದ ಬಿಸಿಲನ್ನು ಬಣ್ಣಗಳಾಗಿ ಒಡೆದು, ಕೆಂಪಿನಾಚೆಯ ಕತ್ತಲಲ್ಲಿ ಥರ್ಮಾಮೀಟರ್ ಇಟ್ಟಾಗ ಪಾದರಸ ಏರಿತು. ಆವತ್ತು ಇದಕ್ಕೊಂದು ವಿಳಾಸ ಸಿಕ್ಕಿತು. ಭಟ್ಟಿಯ ಮುಂದೆ ದಿನವಿಡೀ ದುಡಿಯುವವರಿಗೆ ಈ ಕಾವು ಸುಖವಲ್ಲ, ಕೂಲಿ. ಅವರೆದುರು ನಿಂತು ಬೆವರಿನ ಸುಖ ಹೊಗಳಲು ನನಗೆ ಮನಸ್ಸು ಬಾರದು.

ಪೆಟ್ಟಿಗೆಯ ಬಗ್ಗೆ ನನಗಿರುವ ಪ್ರೀತಿಗೆ ಮುಖ್ಯ ಕಾರಣ ಒಂದೇ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಹೊಗೆ ಆರಿದ ಮೇಲೂ ಅದು ಇರುತ್ತದೆ. ಮಲಗಿದವರನ್ನು ಎಬ್ಬಿಸದೆ ಕೊಲ್ಲುವ ಅನಿಲ ಅದು. ಪ್ಯಾನೆಲ್‌ನಲ್ಲಿ ಉರಿಯುವಂಥದ್ದೇನೂ ಇಲ್ಲ. ಕೆಂಡದ ಕಾವು ಉಂಟು, ಕೆಂಡದ ವಿಷ ಇಲ್ಲ. ಮಾರುವವರು ಇಷ್ಟನ್ನೇ ಹೇಳಿದ್ದರೆ ನಾನು ಕೈಮುಗಿಯುತ್ತಿದ್ದೆ. ಅವರು ಇದನ್ನು ಬಿಟ್ಟು ಬೇರೆಲ್ಲ ಹೇಳುತ್ತಾರೆ.

ಮೊದಲನೆಯದು ಆಳದ ಮಾತು. ಕಿರಣ ಚರ್ಮ ದಾಟಿ ಮೂರು ನಾಲ್ಕು ಸೆಂಟಿಮೀಟರ್ ಒಳಗಿಳಿದು ಕೀಲು, ಸ್ನಾಯುಗಳನ್ನು ಮುಟ್ಟುತ್ತದಂತೆ. ಈ ಪ್ಯಾನೆಲ್‌ಗಳು ಸೂಸುವುದು ಹೆಚ್ಚಾಗಿ ದೂರದ ಅವಕೆಂಪು, ಅಂದರೆ 3 ಮೈಕ್ರಾನಿಗಿಂತ ಉದ್ದದ ಅಲೆ. ಅದನ್ನು ನೀರು ಬಹಳ ಬೇಗ ಹೀರಿಕೊಳ್ಳುತ್ತದೆ, ನಮ್ಮ ಚರ್ಮದ ತುಂಬ ನೀರೇ. ಹಾಗಾಗಿ ಕಿರಣ ಮೇಲ್ಪದರದ ಮಿಲಿಮೀಟರಿನ ಸಣ್ಣ ಪಾಲಿನಲ್ಲೇ ಮುಗಿದುಹೋಗುತ್ತದೆ. ಒಳಗೆ ಹೋಗುವುದು ಕಿರಣವಲ್ಲ, ಬಿಸಿ. ಅದನ್ನು ಹೊತ್ತೊಯ್ಯುವುದು ರಕ್ತ. ಸ್ನಾಯು ಸಡಿಲವಾಗುವುದು ನಿಜ, ನನಗೂ ಆಗುತ್ತದೆ. ಆದರೆ ಹಂಡೆಯ ಬಿಸಿನೀರೂ ಅದೇ ದಾರಿಯಲ್ಲೇ ಆ ಕೆಲಸ ಮಾಡುತ್ತಿತ್ತು.

ಇದರ ಜೊತೆಗೇ ಬರುವ ಇನ್ನೊಂದು ಮಾತು ನನಗೆ ತುಂಬ ಹಿಡಿಸಿದ ಒಗಟು. 'ನಮ್ಮ ಪ್ಯಾನೆಲ್ ಸರಿಯಾಗಿ 9.4 ಮೈಕ್ರಾನ್ ಸೂಸುತ್ತದೆ, ಅದು ದೇಹದ ಸ್ವಂತ ತರಂಗ, ಆದ್ದರಿಂದ ಜೀವಕೋಶ ಸ್ಪಂದಿಸುತ್ತದೆ' ಎನ್ನುತ್ತಾರೆ. ದೇಹ ಅವಕೆಂಪು ಸೂಸುವುದು ನಿಜ. ಕೋವಿಡ್ ಕಾಲದಲ್ಲಿ ಎಲ್ಲರ ಹಣೆಗೆ ಹಿಡಿದ ಆ ಗನ್ ಥರ್ಮಾಮೀಟರ್ ಓದುತ್ತಿದ್ದದ್ದು ಅದನ್ನೇ. ಆದರೆ ಯಾವ ವಸ್ತು ಯಾವ ಅಲೆಯನ್ನು ಹೆಚ್ಚು ಸೂಸುತ್ತದೆ ಎಂಬುದನ್ನು ಅದರ ಬಿಸಿಯೇ ತೀರ್ಮಾನಿಸುತ್ತದೆ. 2898ನ್ನು ಕೆಲ್ವಿನ್ ಉಷ್ಣತೆಯಿಂದ ಭಾಗಿಸಿದರೆ ಮೈಕ್ರಾನ್ ಸಿಗುತ್ತದೆ. ವೀನ್ ಎಂಬ ವಿಜ್ಞಾನಿಯ ನಿಯಮ ಇದು. 800 ಡಿಗ್ರಿಯ ಕೆಂಡಕ್ಕೆ ಸುಮಾರು 2.7 ಬರುತ್ತದೆ, 250 ಡಿಗ್ರಿಯ ಸೆರಾಮಿಕ್ ಸರಳಿಗೆ 5.5, 90 ಡಿಗ್ರಿಯ ಕಾರ್ಬನ್ ಹಾಳೆಗೆ 8. ಸರಿಯಾಗಿ 9.4 ಬೇಕೆಂದರೆ ಪ್ಯಾನೆಲ್ 35 ಡಿಗ್ರಿಯಲ್ಲಿರಬೇಕು, ಅಂದರೆ ಮೈಯಷ್ಟೇ ಬಿಸಿ. ಅಂಥ ಪ್ಯಾನೆಲಿನ ಮುಂದೆ ಸಂಜೆಯವರೆಗೆ ಕೂತರೂ ಮೈ ಕಾಯದು. 'ಫುಲ್ ಸ್ಪೆಕ್ಟ್ರಂ', ಅಂದರೆ ಎಲ್ಲ ಬಗೆಯ ಅವಕೆಂಪೂ ಬರುತ್ತದೆ ಎಂಬ ಮಾತನ್ನೂ ಇದೇ ಲೆಕ್ಕದಲ್ಲಿ ಜಾಲಾಡಬಹುದು: ಹತ್ತಿರದ ಅವಕೆಂಪು, ಅಂದರೆ ಕೆಂಪಿನ ಪಕ್ಕದ ಗಿಡ್ಡ ಅಲೆ, ಧಾರಾಳವಾಗಿ ಬರಬೇಕಾದರೆ ಕೆಂಪಗೆ ಕಾದ ದೀಪವೋ ಅದಕ್ಕೆಂದೇ ಮಾಡಿದ ಎಲ್ಇಡಿಯೋ ಬೇಕು. ಕತ್ತಲಲ್ಲಿ ಕಪ್ಪಗೇ ಇರುವ ಹಾಳೆಯಿಂದ ಅದು ಬಾರದು.

ಆಮೇಲೆ ಬೆವರಿನಲ್ಲಿ ವಿಷ ಹೊರಬರುತ್ತದೆ ಎಂಬುದು. ಬೆವರಿನಲ್ಲಿ ನೂರಕ್ಕೆ 99 ಪಾಲು ನೀರು, ಉಳಿದದ್ದು ಹೆಚ್ಚಾಗಿ ಉಪ್ಪು, ಒಂದಿಷ್ಟು ಯೂರಿಯಾ, ಲ್ಯಾಕ್ಟೇಟ್. ಕೆಲವು ಲೋಹಗಳ ಸುಳಿವು ಸಿಗುತ್ತದೆ, ಅದು ಸುಳಿವಷ್ಟೇ. ದೇಹ ತೊಳೆಯುವ ಕೆಲಸ ಯಕೃತ್ತು ಮತ್ತು ಮೂತ್ರಪಿಂಡಗಳದು. ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಿ, ಬಹುಪಾಲನ್ನು ರಕ್ತಕ್ಕೆ ಮರಳಿಸುತ್ತವೆ. ಅರ್ಧ ಗಂಟೆಯಲ್ಲಿ 600 ಕ್ಯಾಲರಿ ಕರಗುತ್ತದೆ ಎಂಬ ಮಾತೂ ಹೀಗೆಯೇ. ಅರ್ಧ ಲೀಟರ್ ಬೆವರು ಆವಿಯಾಗಲು 290 ಕಿಲೋಕ್ಯಾಲರಿಯಷ್ಟು ಶಾಖ ಬೇಕು. ಆ ಶಾಖ ಬಂದದ್ದು ಪ್ಯಾನೆಲಿನಿಂದ, ಅಂದರೆ ಬೆಸ್ಕಾಂ ಮೀಟರಿನಿಂದ, ಸೊಂಟದ ಕೊಬ್ಬಿನಿಂದಲ್ಲ. ತೂಕದ ಯಂತ್ರ ತೋರಿಸುವ ಇಳಿಕೆ ನೀರು, ಒಂದು ತಂಬಿಗೆ ಕುಡಿದರೆ ವಾಪಸ್ಸು.

ಹಾಗಾದರೆ ನಿಜವಾದ ಲಾಭ? ಫಿನ್ಲೆಂಡಿನ ಪೂರ್ವಭಾಗದ 2,315 ಗಂಡಸರನ್ನು ಎರಡು ದಶಕ ಹಿಂಬಾಲಿಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ವಾರಕ್ಕೆ ನಾಲ್ಕರಿಂದ ಏಳು ಸಲ ಸೌನಾದಲ್ಲಿ ಕೂತವರಲ್ಲಿ, ಒಂದೇ ಸಲ ಕೂತವರಿಗಿಂತ, ಹಠಾತ್ ಹೃದಯಸ್ತಂಭನದ ಸಾವು ಕಡಿಮೆ ಕಂಡಿತು. ಮಾರುವವರೆಲ್ಲ ಇದನ್ನು ತೋರಿಸುತ್ತಾರೆ. ಆದರೆ ಅದು ಬಿಸಿ ಕಲ್ಲಿನ, 80 ಡಿಗ್ರಿಯ ಆಸುಪಾಸಿನ ಸೌನಾ, ಪ್ಯಾನೆಲಿನದಲ್ಲ. ಅಲ್ಲದೆ ಹೆಚ್ಚು ಸಲ ಕೂರುವವರು ಮೊದಲೇ ಹೆಚ್ಚು ಆರೋಗ್ಯವಂತರಿರಬಹುದು. ನೋಡಿ ಬರೆದುಕೊಂಡ ಅಧ್ಯಯನದಿಂದ ಕಾರಣ ಇದೇ ಎಂದು ಹೇಳಲಾಗದು. ಅವಕೆಂಪಿಗೆ ಹತ್ತಿರದ್ದು ಜಪಾನಿನ ಕಾಗೋಶಿಮಾದಲ್ಲಿ ಚೂವಾ ತೇಯ್ ಎಂಬ ಹೃದಯತಜ್ಞರು ರೂಪಿಸಿದ ವಾಓನ್ ಚಿಕಿತ್ಸೆ. 60 ಡಿಗ್ರಿಯ ಕೋಣೆಯಲ್ಲಿ 15 ನಿಮಿಷ, ಆಮೇಲೆ ಕಂಬಳಿ ಹೊದ್ದು ಅರ್ಧ ಗಂಟೆ ವಿಶ್ರಾಂತಿ. ಕಂಬಳಿಯ ಆ ಅರ್ಧ ಗಂಟೆಯನ್ನು ಓದಿದಾಗ ನಮ್ಮ ಎಣ್ಣೆಸ್ನಾನದ ನಂತರ ಮುಸುಕೆಳೆದು ಮಲಗುವ ರೂಢಿ ಕಣ್ಣಿಗೆ ಬಂತು. ಅದೂ ಆಸ್ಪತ್ರೆಯೊಳಗೆ, ವೈದ್ಯರ ಕಣ್ಣೆದುರು ನಡೆಯುವ ಚಿಕಿತ್ಸೆ, ಅಂಗಡಿಯ ಭರವಸೆ ಅಲ್ಲ. ನನ್ನ ಮಟ್ಟಿಗೆ ನಿದ್ದೆ ಚೆನ್ನಾಗಿ ಬರುತ್ತದೆ, ಬೆನ್ನು ಹಗುರಾಗುತ್ತದೆ, ಮನಸ್ಸು ಒಂದು ಕಡೆ ನಿಲ್ಲುತ್ತದೆ. ಒಂದು ಪೆಟ್ಟಿಗೆಯಿಂದ ಇದಕ್ಕಿಂತ ಹೆಚ್ಚು ಕೇಳುವುದು ದುರಾಸೆ. ಮಧುಮೇಹ, ಕ್ಯಾನ್ಸರ್ ವಾಸಿಮಾಡುತ್ತೇವೆ ಎಂಬ ಜಾಹೀರಾತನ್ನು ನಮ್ಮ ದೇಶದಲ್ಲಿ 1954ರ ಕಾಯಿದೆಯೇ ತಡೆಯುತ್ತದೆ. 'ಎಫ್‌ಡಿಎ ರಿಜಿಸ್ಟರ್ಡ್' ಎಂದರೆ ಅಮೆರಿಕದ ಪಟ್ಟಿಯಲ್ಲಿ ಹೆಸರಿದೆ ಎಂದಷ್ಟೇ, ಪರೀಕ್ಷಿಸಿ ಒಪ್ಪಿದ್ದಾರೆ ಎಂದಲ್ಲ.

ಸುಳ್ಳನ್ನೆಲ್ಲ ಕಳಚಿಟ್ಟ ಮೇಲೆ ಆರಿಸುವ ಸುಖ ಶುರುವಾಗುತ್ತದೆ. ಇದಕ್ಕೆ ಹರಿಹರದ ಗೆಳೆಯನೊಬ್ಬನನ್ನು ಜೊತೆಗೆ ಕರೆದೊಯ್ಯುತ್ತೇನೆ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಆ ಊರಿಗೆ ಲೇತ್ ಕೊಟ್ಟಿತು, ಲೇತಿನ ಜೊತೆ ಅಳತೆಯ ಶಿಸ್ತನ್ನೂ ಕೊಟ್ಟಿತು. ಕಾರ್ಖಾನೆ ಮುಚ್ಚಿದ ಮೇಲೂ ಆ ಶಿಸ್ತು ಸಣ್ಣ ವರ್ಕ್‌ಶಾಪುಗಳಲ್ಲಿ ಉಳಿದಿದೆ. ನನ್ನ ಗೆಳೆಯ ಯಾರ ಮಾತನ್ನೂ ಅಳೆಯದೆ ನಂಬುವವನಲ್ಲ. ಗನ್ ಥರ್ಮಾಮೀಟರ್ ಹಿಡಿದು ಪ್ರತಿ ಪ್ಯಾನೆಲಿನ ನಾಲ್ಕು ಮೂಲೆ, ನಡು ಓದುತ್ತಾನೆ. ಒಳ್ಳೆಯ ಕಾರ್ಬನ್ ಹಾಳೆಯಲ್ಲಿ ಅಂಕಿಗಳು ಹತ್ತಿರ ಹತ್ತಿರ ಇರುತ್ತವೆ, ಕಳಪೆಯದರಲ್ಲಿ ನಡು ಸುಡುತ್ತಿದ್ದರೆ ಅಂಚು ತಣ್ಣಗೆ. ಸೆರಾಮಿಕ್ ಬಿಸಿ ಚುರುಕು, ಒಂದೇ ಕಡೆ ಕುಟುಕುತ್ತದೆ. ಕಾರ್ಬನ್ನಿನದು ಹರವಾಗಿ ಮೆಲ್ಲಗೆ ಬರುವ ಕಾವು. ನನಗೆ ಕಾರ್ಬನ್ನೇ ಸರಿ. ಬಹಳ ಪೆಟ್ಟಿಗೆಗಳಲ್ಲಿ ಬೆನ್ನ ಹಿಂದೆ ಪ್ಯಾನೆಲ್ ಧಾರಾಳ, ಎದುರಿಗೆ ಗಾಜು. ಮುಂಗಾಲು ತಣ್ಣಗೆ ಉಳಿಯುತ್ತದೆ. ಕಿರಣ ನೇರ ಹೋಗುವಂಥದ್ದು, ಅದಕ್ಕೆ ಕಾಣದ ಜಾಗ ಕಾಯುವುದಿಲ್ಲ. ಆದ್ದರಿಂದ ಮೀನಖಂಡದ ಹತ್ತಿರ, ಮುಂದಿನ ಎರಡು ಮೂಲೆಗಳಲ್ಲಿ ಪ್ಯಾನೆಲ್ ಇರಲೇಬೇಕು ಎಂದು ನನ್ನ ಹಟ.

ಮರಕ್ಕೆ ಮೂಗೇ ಪರೀಕ್ಷಕ. ಅಂಗಡಿಯಲ್ಲೇ ಬಾಗಿಲು ಮುಚ್ಚಿಸಿ ಅರ್ಧ ಗಂಟೆ ಕಾಯಿಸಿ, ಆಮೇಲೆ ತಲೆ ಒಳಗಿಟ್ಟು ಉಸಿರೆಳೆಯಬೇಕು. ಮರದ ವಾಸನೆ ಬಂದರೆ ಸಂತೋಷ. ಗೋಂದು, ವಾರ್ನಿಷು ಬಂದರೆ ಅಲ್ಲಿಂದ ಹೊರಡಬೇಕು, ಏಕೆಂದರೆ ಆ ಪೆಟ್ಟಿಗೆಯಲ್ಲಿ ಕಣ್ಣು ಮುಚ್ಚಿ ಆಳವಾಗಿ ಉಸಿರಾಡುವವರು ನಾವು. ಹೆಮ್ಲಾಕ್, ಬಾಸ್‌ವುಡ್ ಒಳ್ಳೆಯವೇ, ಆದರೆ ನಮ್ಮ ಕರಿಮಣ್ಣಿನ ಸೀಮೆಯ ಗೆದ್ದಲಿಗೆ ಅವು ಹಬ್ಬದೂಟ; ನೆಲಕ್ಕೆ ತಾಗದಂತೆ ಕಲ್ಲಿನ ಮೇಲೆ ಎತ್ತರಿಸಿ ಕೂರಿಸಬೇಕು.

ವಿದ್ಯುತ್ತಿನ ವಿಷಯದಲ್ಲಿ ಮಾತ್ರ ನಾನು ಯಾವ ರಾಜಿಗೂ ಒಪ್ಪುವುದಿಲ್ಲ. ಒಬ್ಬರೋ ಇಬ್ಬರೋ ಕೂರುವ ಪೆಟ್ಟಿಗೆ 1.6 ಕಿಲೋವ್ಯಾಟ್ ಎಳೆದರೆ 230 ವೋಲ್ಟಿನಲ್ಲಿ 7 ಆಂಪಿಯರ್. ಹಳೆಯ ಮನೆಯ 6 ಆಂಪಿಯರ್ ಸಾಕೆಟ್ ಅದಕ್ಕಲ್ಲ. 16 ಆಂಪಿಯರ್ ಪ್ರತ್ಯೇಕ ಲೈನ್ ಬೇಕು, ಸರಿಯಾದ ಅರ್ಥಿಂಗ್ ಬೇಕು, 30 ಮಿಲಿಆಂಪಿಯರ್ ಸೋರಿಕೆಗೆ ಕಡಿಯುವ ಆರ್‌ಸಿಸಿಬಿ ಬೇಕು. ಬರಿಮೈ, ಉಪ್ಪುಬೆವರು, ಕರೆಂಟು ಮೂರೂ ಒಂದೇ ಪೆಟ್ಟಿಗೆಯಲ್ಲಿವೆ. ಹೊರದೇಶದಿಂದ ಬಂದದ್ದಾದರೆ 120 ವೋಲ್ಟಿನದಲ್ಲ ಎಂದು ಖಚಿತಪಡಿಸಿಕೊಳ್ಳಬೇಕು. ಐಇಸಿ 60335-2-53 ಎಂಬುದು ಸೌನಾ ಹೀಟರು, ಇನ್‌ಫ್ರಾರೆಡ್ ಕ್ಯಾಬಿನ್‌ಗಳಿಗೆಂದೇ ಇರುವ ಸುರಕ್ಷತಾ ಮಾನದಂಡ; ಅದರ ಪ್ರಮಾಣಪತ್ರ ಕೇಳಿದಾಗ ಮಾರುವವರ ಮುಖ ನೋಡಿದರೆ ಅರ್ಧ ಉತ್ತರ ಸಿಗುತ್ತದೆ. 'ಜೀರೋ ಇಎಂಎಫ್' ಎಂಬ ಬಿರುದಿಗೆ ಹೆಚ್ಚು ದುಡ್ಡು ಕೊಡಬೇಕಿಲ್ಲ. ಕರೆಂಟು ಹರಿದಲ್ಲಿ ಕಾಂತಕ್ಷೇತ್ರ ಇದ್ದೇ ಇರುತ್ತದೆ. ಹೋಗುವ ಬರುವ ತಂತಿಗಳನ್ನು ಜೋಡಿಸಿ ಹೆಣೆದರೆ ಬಹಳಷ್ಟು ಅಳಿಯುತ್ತದೆ. ಸಾರ್ವಜನಿಕರಿಗೆ 50 ಹರ್ಟ್ಸಿನಲ್ಲಿ ಅಂತರರಾಷ್ಟ್ರೀಯ ಮಾರ್ಗಸೂಚಿಯ ಮಿತಿ 2000 ಮಿಲಿಗಾಸ್. ಗೆಳೆಯನ ಮೀಟರ್ ಕೂರುವ ಜಾಗದಲ್ಲಿ ಅದರ ಹತ್ತಿರವೂ ಸುಳಿದಿಲ್ಲ.

ದಾವಣಗೆರೆಯಲ್ಲಿ ಇದು ವರ್ಷವಿಡೀ ಬೇಕಾದದ್ದಲ್ಲ. ನನಗೆ ಮಳೆಗಾಲದ ಜಡಿಗೂ ಡಿಸೆಂಬರ್-ಜನವರಿಯ ಚಳಿಗೂ ಬೇಕು. ಮಾರ್ಚಿನಿಂದ ಮೇ ತಿಂಗಳವರೆಗೆ ಪೆಟ್ಟಿಗೆಗೆ ರಜೆ. ರಕ್ತದೊತ್ತಡದ ಅಥವಾ ಮೂತ್ರ ಹೆಚ್ಚಿಸುವ ಗುಳಿಗೆ ತಿನ್ನುವವರು, ಈಚೆಗೆ ಹೃದಯಾಘಾತವಾದವರು, ಗರ್ಭಿಣಿಯರು ಮೊದಲು ವೈದ್ಯರನ್ನು ಕೇಳಬೇಕು, ಮೆಡಿಕಲ್ ಕಾಲೇಜುಗಳಿರುವ ಊರಿನಲ್ಲಿ ಅದಕ್ಕೇನು ಬರ. ಕುಡಿದವರು ಒಳಗೆ ಹೋಗಲೇಬಾರದು. ನಾನು 50 ಡಿಗ್ರಿಗೆ ಇಟ್ಟು, ಇಪ್ಪತ್ತು ನಿಮಿಷಕ್ಕೆ ಅಲಾರಾಂ ಹಚ್ಚಿ ಕೂರುತ್ತೇನೆ. ತಲೆ ಹಗುರಾದಂತೆ ಅನಿಸಿದರೆ ಅಲಾರಾಂ ಕಾಯದೆ ಎದ್ದು ಬರುತ್ತೇನೆ. ಹೊರಬಂದು ಚರಕ ಹೇಳಿದಂತೆ ತಣ್ಣೀರಿಗೆ ಆತುರಪಡದೆ ಮೈ ಆರಿಸಿಕೊಂಡು, ಉಪ್ಪು ಹಾಕಿದ ಮಜ್ಜಿಗೆ ಎರಡು ಲೋಟ ಕುಡಿದು, ಉಗುರುಬೆಚ್ಚಗಿನ ನೀರಿನಲ್ಲಿ ಮಿಂದರೆ ಹಸಿವು ಕೆರಳುತ್ತದೆ. ಆಗ ಖಾರಮಂಡಕ್ಕಿ, ಜೊತೆಗೆ ಬಿಸಿ ಮೆಣಸಿನಕಾಯಿ ಬಜ್ಜಿ. ಹರಿಹರದಿಂದ ಗೆಳೆಯ ಬಂದಿದ್ದರೆ ಇನ್ನೆರಡು ಪ್ಲೇಟು.