ಮಾಳದ ಬದಲಿಗೆ ಒಂದು ಜೋಲಿ

ಈ ಸಲ ಗದ್ದೆಗೆ ಮಾಳ ಕಟ್ಟಲಿಲ್ಲ. ಎರಡು ಮರದ ನಡುವೆ ಜೋಲಿ ಕಟ್ಟಿದೆ. ಪೇಟೆಯವರು ಹ್ಯಾಮಕ್ ಅಂತಾರಲ್ಲ, ಅದೇ. ಸೆಪ್ಟೆಂಬರ್ ಕೊನೆಯಿಂದ ಮೊನ್ನೆ ಕೊಯ್ಲಿನ ತನಕ ಒಟ್ಟು 31 ರಾತ್ರಿ ಅದರಲ್ಲಿ ಮಲಗಿದ್ದೇನೆ. ಎರಡು ಜೋಲಿ ತಂದು ಬಿಟ್ಟು, ಮೂರನೆಯದು ಸರಿಯಾಯ್ತು. ಆ ಅನುಭವ ಇಲ್ಲಿ ಬರೆದಿಡ್ತಿದ್ದೇನೆ. ಗದ್ದೆ ಕಾಯೋರಿಗೂ ಆಗಬಹುದು, ಗುಡ್ಡ ಹತ್ತಿ ಒಂದು ರಾತ್ರಿ ಉಳಿದು ಬರೋ ಹುಡುಗರಿಗೂ ಆಗಬಹುದು.

ಮಾಳ ನೋಡದವರಿಗೆ ಒಂದು ಮಾತು. ಭತ್ತ ಹಾಲು ತುಂಬೋ ಹೊತ್ತಿಗೆ ನಮ್ಮ ಶಿರಸಿ ಕಡೆ ಹಂದಿ ಗದ್ದೆಗೆ ಇಳೀತದೆ. ನಾಲ್ಕು ಕಂಬ ಹುಗಿದು, ಆಳೆತ್ತರಕ್ಕೆ ಅಡಿಕೆ ದಬ್ಬೆಯ ಅಟ್ಟ ಹಾಕಿ, ಮೇಲೆ ಸೋಗೆ ಹೊದೆಸಿದರೆ ಅದೇ ಮಾಳ. ಕೆಳಗೆ ಬೆಂಕಿ, ಕೈಯಲ್ಲಿ ಡಬ್ಬ, ಆಗಾಗ ಒಂದು ಕೂಗು. ಕಟ್ಟೋಕೆ ಇಬ್ಬರಿಗೆ ಎರಡು ದಿನದ ಕೆಲಸ. ಈಗ ಆಳು ಸಿಗೋದೇ ಕಷ್ಟ, ಸಿಕ್ಕಿದವರನ್ನ ತೋಟದ ಕೆಲಸ ಬಿಡಿಸಿ ಮಾಳ ಕಟ್ಟೋಕೆ ಕಳಿಸೋದು ಹೇಗೆ? ಅಕ್ಕನ ಮಗ ಬೆಂಗಳೂರಲ್ಲಿದ್ದಾನೆ, ರಜೆ ಸಿಕ್ಕಿದರೆ ಚಾರಣ ಅಂತ ಓಡ್ತಾನೆ. "ಟೆಂಟ್ ಹಾಕಿ ಮಲಕ್ಕೋ ಮಾವ, ಹತ್ತು ನಿಮಿಷದ ಕೆಲಸ" ಅಂದ. ಜಿಪ್ ಪೂರ್ತಿ ಮುಚ್ಚಿದ ಒಳ್ಳೆ ಟೆಂಟಿನೊಳಗೆ ಹಾವು ಬರೋದಿಲ್ಲ, ಅದು ಸರಿ. ಆದರೆ ನೆಲದ ಮೇಲೆ ಮಲಗೋ ಮಾತು ನಮ್ಮನೆಯಲ್ಲಿ ಯಾರೂ ಎತ್ತೋ ಹಾಗಿಲ್ಲ.

1996ನೇ ಇಸವಿ, ಅಕ್ಟೋಬರ್. ನಂಗಾಗ 13 ವರ್ಷ. ಮಾಳದ ಅಟ್ಟದಲ್ಲಿ ಎರಡು ದಬ್ಬೆ ಮುರಿದಿತ್ತು. ನಾಳೆ ಸರಿ ಮಾಡಿದರಾಯ್ತು ಅಂತ ಚಿಕ್ಕಪ್ಪ ಕೆಳಗೇ ಹುಲ್ಲು ಹಾಸಿ ಕಂಬಳಿ ಹೊದ್ದು ಮಲಗಿದ. ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಮನೆಗೆ ಬಂದು ಹೊಟ್ಟೆನೋವು ಅಂದ. ರಾತ್ರಿ ಉಂಡದ್ದು ಆಗಿಬರಲಿಲ್ಲವೇನೋ ಅಂದ್ಕೊಂಡ್ವಿ. ಆಯಿ ಶುಂಠಿ ಕಷಾಯ ಮಾಡಿ ಕೊಟ್ಟಳು. ನುಂಗೋಕೆ ಆಗಲಿಲ್ಲ ಅವನಿಗೆ. ನಿದ್ದೆ ತೂಗಿ ಬಂದವನ ಹಾಗೆ ರೆಪ್ಪೆ ಇಳಿದಿತ್ತು. ಮೈಮೇಲೆ ಗಾಯ ಇಲ್ಲ, ಬಾವು ಇಲ್ಲ. ಜೀಪು ತರಿಸಿ ಹೊರಡೋ ಹೊತ್ತಿಗೆ ಬೆಳಕಾಗಿತ್ತು. ದಾರಿಯಲ್ಲೇ ಉಸಿರು ನಿಂತಿತು. ಚಿಕ್ಕಮ್ಮನಿಗೆ ಆಗ 24.

ಕಟ್ಟುಹಾವು ಅಂತ ಆಮೇಲೆ ತಿಳೀತು. ಕಪ್ಪು ಮೈ, ಸಣ್ಣ ಬಿಳಿ ಪಟ್ಟೆ. ರಾತ್ರಿ ಮಾತ್ರ ಓಡಾಡೋ ಹಾವು. ನೆಲದ ಮೇಲೆ ಮಲಗಿದವರಿಗೇ ಇದರ ಕಾಟ ಹೆಚ್ಚು. ಕಚ್ಚಿದ್ದು ಎಷ್ಟೋ ಸಲ ನಿದ್ದೆಯಲ್ಲಿ ಗೊತ್ತೇ ಆಗೋದಿಲ್ಲ, ಹಲ್ಲಿನ ಗುರುತು ಕಾಣೋದಿಲ್ಲ. ನಾಗರ, ಕೊಳಕುಮಂಡಲ, ಗರಗಸ ಮಂಡಲ, ಇದು, ಈ ನಾಲ್ಕಕ್ಕೂ ಒಂದೇ ಔಷಧಿ ಆಸ್ಪತ್ರೆಯಲ್ಲಿ ಸಿಗ್ತದೆ. ಕಟ್ಟುಹಾವಿನ ವಿಷಕ್ಕೆ ಉಸಿರಾಟದ ಯಂತ್ರವೂ ಬೇಕಾಗಬಹುದು, ಅದಕ್ಕೇ ಹೊತ್ತು ಕಳೀಬಾರದು. ನೆಲದಲ್ಲಿ ಮಲಗೆದ್ದವರಿಗೆ ಕಾರಣ ಇಲ್ಲದೆ ಹೊಟ್ಟೆನೋವು ಬಂದು ರೆಪ್ಪೆ ಜೋತರೆ ಗಾಯ ಹುಡುಕ್ತಾ ಕೂರಬೇಡಿ, ಗಾಡಿ ಹತ್ತಿಸಿ. ಇದೊಂದು ನೆನಪಿಟ್ಟರೆ ಜೋಲಿ ಕತೆ ಓದದಿದ್ದರೂ ಅಡ್ಡಿಯಿಲ್ಲ.

ಹಾಗಾಗಿ ನೆಲ ಬಿಟ್ಟು ಮಲಗಬೇಕು, ಮಾಳ ಕಟ್ಟೋಕೂ ಆಗೋದಿಲ್ಲ. ಉಳಿದದ್ದು ಜೋಲಿ.

ಮೊದಲನೆಯದನ್ನ ಆನ್‌ಲೈನಲ್ಲಿ ಚಂದ ನೋಡಿ ತರಿಸಿದೆ. ಹತ್ತಿ ಹಗ್ಗದ ಬಲೆ, ಎರಡೂ ತುದಿಗೆ ಮರದ ಅಡ್ಡಪಟ್ಟಿ, ಫೋಟೋದಲ್ಲಿ ಸಮುದ್ರದ ದಂಡೆ. ಪಟ್ಟಿ ಇದ್ದರೆ ಚಪ್ಪಟೆಯಾಗಿ ಹಾಸಿಗೆ ಹಾಗೇ ಇರ್ತದೆ ಅನ್ನೋದು ನನ್ನ ಎಣಿಕೆ. ಅಂಗಳದಲ್ಲಿ ಕಟ್ಟಿ ಮಲಗಿದೆ. ಮಗ್ಗಲು ತಿರುಗಿದ್ದೇ ತಡ, ಅದು ಪೂರಾ ಬೋರಲಾಯ್ತು, ನಾನು ನೆಲದಲ್ಲಿ. ಅಗಲ ಬಿಡಿಸಿಟ್ಟ ಜೋಲಿಗೆ ನಮ್ಮನ್ನ ಹಿಡಿದಿಡೋ ಹೊಟ್ಟೆ ಇರೋದಿಲ್ಲ, ತೂಕ ಒಂದು ಕಡೆ ಸರಿದರೆ ಮಗುಚ್ತದೆ. ಹಗಲು ಕೂತು ಕಾಲಾಡಿಸೋಕೆ ಸರಿ, ರಾತ್ರಿಗಲ್ಲ. ಆಯಿ ಜಗಲಿಯಲ್ಲಿ ಅಡಿಕೆ ಸುಲೀತಾ ನೋಡ್ತಿದ್ದಳು. "ಜೋಲಿಯಲ್ಲಿ ಮಲಗೋ ಪ್ರಾಯವಾ ಮಾರಾಯ ನಿಂದು?" ಅಂದಳು. ಈಗ ಅದು ಮಕ್ಕಳ ಪಾಲು.

ಎರಡನೆಯದು ಅಳಿಯ ಬಿಟ್ಟುಹೋದದ್ದು. ಪ್ಯಾರಾಚೂಟ್ ನೈಲಾನ್, ಮಡಚಿದರೆ ತೆಂಗಿನಕಾಯಿಯಷ್ಟು. ಎರಡೂ ತುದಿ ನೆರಿಗೆ ಕಟ್ಟಿದ ಹಾಗೆ ಒಟ್ಟಾಗಿ ಸೇರ್ತದೆ. ರಾತ್ರಿ ಮಲಗೋಕೆ ಈ ಜಾತಿಯೇ ಬೇಕು, ಬಟ್ಟೆ ಎರಡೂ ಮಗ್ಗುಲಿಂದ ನಮ್ಮನ್ನ ತಬ್ಬಿ ಹಿಡೀತದೆ, ಮಗುಚೋದಿಲ್ಲ. ಆದರೆ ಉದ್ದ ಎಂಟೂವರೆ ಅಡಿ. ನಾನು ಐದು ಅಡಿ ಹತ್ತಂಗುಲ. ಬಾಳೆಹಣ್ಣಿನ ಹಾಗೆ ಬಾಗಿ ಮಲಗಿ ಬೆಳಿಗ್ಗೆ ಎದ್ದರೆ ಸೊಂಟ ನಂದಲ್ಲ.

ತೂಗುಹಾಸಿಗೆ ನಮ್ಮ ಕಡೆಯದಲ್ಲ. 1492ರಲ್ಲಿ ಕೊಲಂಬಸ್ ಕೆರಿಬಿಯನ್ ದ್ವೀಪಗಳಿಗೆ ಹೋದಾಗ ಅಲ್ಲಿಯ ಜನ ಹತ್ತಿಯ ಬಲೆಯಲ್ಲಿ ಮಲಗೋದನ್ನ ಕಂಡ. ಹ್ಯಾಮಕ್ ಅನ್ನೋ ಹೆಸರೂ ಅವರ ಮಾತಿನದೇ. ಆಮೇಲೆ ಹಡಗಿನವರು ಅದನ್ನ ಹಿಡಿದುಕೊಂಡರು. ಆ ಭಾಗದ ಜನ ಈಗಲೂ ಅದರಲ್ಲಿ ಉದ್ದಕ್ಕೆ ಮಲಗೋದಿಲ್ಲ, ಓರೆಯಾಗಿ ಮಲಗ್ತಾರೆ. ತಲೆ ಒಂದು ಅಂಚಿನ ಕಡೆ, ಕಾಲು ಇನ್ನೊಂದು ಅಂಚಿನ ಕಡೆ. ಹಾಗೆ ಮಲಗಿದರೆ ಬಾಗು ಹೋಗಿ ಬೆನ್ನು ಹೆಚ್ಚುಕಮ್ಮಿ ನೇರ ಆಗ್ತದೆ. ಓರೆ ಮಲಗೋಕೆ ಬಟ್ಟೆ ಉದ್ದ ಇರಬೇಕು. ಮೂರನೆಯದನ್ನ 11 ಅಡಿಯದು ತಂದೆ. ನಿಮ್ಮ ಎತ್ತರ ಐದೂವರೆಯೊಳಗಿದ್ದರೆ ಹತ್ತು ಸಾಕಾದೀತು. ಅಂಗಡಿಯಲ್ಲಿ ಎಲ್ಲರೂ ಎಷ್ಟು ಕಿಲೋ ತಡೀತದೆ ಅಂತ ಕೇಳ್ತಾರೆ, ಎಷ್ಟು ಅಡಿ ಅಂತ ಕೇಳೋರು ಕಡಿಮೆ. ನನ್ನ ಪ್ರಕಾರ ಮೊದಲು ಕೇಳಬೇಕಾದ್ದು ಅಡಿ.

ಕಟ್ಟೋದರಲ್ಲೂ ನಾನು ತಪ್ಪಿದೆ. ಬಟ್ಟೆಬಣ್ಣೆ ಒಣಗಿಸೋ ಸರಿಗೆ ಹಾಗೆ ಎಳೆದು ಬಿಗಿ ಮಾಡಿದರೆ ಚಪ್ಪಟೆ ಆಗ್ತದೆ ಅಂತ ಕಾಣ್ತದೆ. ಆಗೋದು ತಿರುಗಾಮುರುಗ. ಅಂಚು ಎರಡೂ ಬಿಗಿದು ಮೈ ಹಿಂಡ್ತದೆ, ಹಗ್ಗದ ಮೇಲೆ ಭಾರ ಏರ್ತದೆ. ನನ್ನ ತೂಕ 70 ಕಿಲೋ. ಪಟ್ಟಿ 30 ಡಿಗ್ರಿ ಇಳಿಜಾರಲ್ಲಿದ್ದರೆ ಒಂದೊಂದು ಕಡೆ ಬೀಳೋ ಎಳೆತ 70 ಕಿಲೋ. ಅದನ್ನೇ ಬಿಗಿದು 10 ಡಿಗ್ರಿಗೆ ತಂದರೆ ಒಂದೊಂದು ಕಡೆ 200 ಕಿಲೋ! ಮರ ಏನೋ ತಡೆದೀತು, ಹೊಲಿಗೆ ತಡೀಬೇಕಲ್ಲ. ಡಿಗ್ರಿ ಅಳೆಯೋಕೆ ಅಳಿಯ ಒಂದು ಉಪಾಯ ಹೇಳಿಕೊಟ್ಟ. ಮಕ್ಕಳು ಪಿಸ್ತೂಲು ಆಟ ಆಡೋ ಹಾಗೆ ತೋರುಬೆರಳು ಮುಂದೆ, ಹೆಬ್ಬೆರಳು ಮೇಲೆ. ಪಟ್ಟಿ ಹೆಬ್ಬೆರಳ ತುದಿಯಿಂದ ತೋರುಬೆರಳ ತುದಿಗೆ ಇಳಿದ ಹಾಗೆ ಕಂಡರೆ ಸುಮಾರು 30. ನನ್ನ ಕೈಗೆ ಸರಿಯಾಗ್ತದೆ.

ಮರಕ್ಕೆ ತೆಳು ಹಗ್ಗ ಬೇಡ, ತೊಗಟೆ ಕೊರೀತದೆ. ಒಂದಂಗುಲಕ್ಕಿಂತ ಅಗಲದ ಪಾಲಿಯೆಸ್ಟರ್ ಪಟ್ಟಿ ಒಳ್ಳೇದು. ನೈಲಾನ್ ಪಟ್ಟಿ ಹಿಗ್ಗಿಹೋಗ್ತದೆ, ಒದ್ದೆಯಾದರೆ ಇನ್ನೂ ಹೆಚ್ಚು. ರಾತ್ರಿ ಮಂಡಿ ಎತ್ತರಕ್ಕೆ ಕಟ್ಟಿದ್ದು ಬೆಳಿಗ್ಗೆ ಹುಲ್ಲಿಗೆ ತಾಗ್ತಿತ್ತು.

ಮರ ಯಾವುದು? ಅಡಿಕೆ ತೋಟ ಇರೋನು ತೋಟದಲ್ಲೇ ಕಟ್ಟಬಹುದಲ್ಲ ಅಂತ ಕಾಣಬಹುದು. ತೋಟದಲ್ಲಿ ಮರದಿಂದ ಮರಕ್ಕೆ 9 ಅಡಿ, 11 ಅಡಿಯ ಜೋಲಿ ಅಲ್ಲಿ ಹಿಡಿಯೋದೇ ಇಲ್ಲ, 12ರಿಂದ 15 ಅಡಿ ಅಂತರ ಬೇಕು. ಅಡಿಕೆ ಮರ ಬಾಗ್ತದೆ ಬೇರೆ. ತೆಂಗಿನ ಬುಡ ಅಂತೂ ಬೇಡವೇ ಬೇಡ, ಕಾಯಿಗೆ ಕೆಳಗೆ ಮಲಗಿದ್ದು ಯಾರು ಅಂತ ಗೊತ್ತಾಗೋದಿಲ್ಲ. ಗದ್ದೆ ಅಂಚಿನ ಹಲಸಿಗೂ ಮತ್ತಿಗೂ ಕಟ್ಟಿದೆ. ಮೂರನೇ ರಾತ್ರಿ ಹಲಸಿನ ಚಗಳಿ ಪಟ್ಟಿ ಮೇಲೆ ಸಾಲು ಹಿಡಿದು ಬಂದವು. ಚಗಳಿ ಕಚ್ಚಿಸಿಕೊಂಡವರಿಗೆ ವಿವರ ಬೇಡ. ಮರುದಿನ ಮತ್ತಿಯಿಂದ ಮತ್ತಿಗೆ ಬದಲಾಯಿಸಿದೆ. ಕಟ್ಟೋ ಮೊದಲು ಕತ್ತೆತ್ತಿ ಒಣ ಕೊಂಬೆ ಇದೆಯಾ ಅಂತಲೂ ನೋಡಬೇಕು. ನಾವು ನೆಲ ನೋಡಿಯೇ ರೂಢಿ, ಮೇಲೆ ನೋಡೋದು ಮರೀತದೆ.

ಅಕ್ಟೋಬರಲ್ಲಿ ಸಂಜೆ ಮಳೆ ಇನ್ನೂ ಇರ್ತದೆ. ಮೇಲೆ ತಾಡಪತ್ರೆ ಕಟ್ಟಿದ್ದೆ, ಆದರೂ ಬೆನ್ನು ಒದ್ದೆ. ಮರದಲ್ಲಿ ಇಳಿದ ನೀರು ಪಟ್ಟಿ ಹಿಡಿದು ಸೀದಾ ಜೋಲಿಯೊಳಗೆ ಬರ್ತಿತ್ತು. ತಾಡಪತ್ರೆಯ ಒಳಗಡೆ ಪಟ್ಟಿಗೆ ಒಂದು ಗೇಣು ಸುತಳಿ ಕಟ್ಟಿ ಇಳಿಬಿಟ್ಟರೆ ನೀರು ಸುತಳಿ ಹಿಡಿದು ನೆಲಕ್ಕೆ ಬೀಳ್ತದೆ. ಎರಡು ರೂಪಾಯಿಯ ಪರಿಹಾರ.

ನವೆಂಬರ್ ಬಂದಮೇಲೆ ಚಳಿ. ಜೋಲಿಯ ಚಳಿ ಕೆಳಗಿಂದ ಬರ್ತದೆ, ಅಡಿಯಲ್ಲಿ ಗಾಳಿ ಆಡ್ತದಲ್ಲ. ಕಂಬಳಿ ಒಳಗೆ ಹಾಸಿಕೊಂಡರೆ ಮೈ ಭಾರಕ್ಕೆ ಚಪ್ಪಟೆಯಾಗ್ತದೆ, ಸರಿದು ಕಾಲಡಿಗೆ ಮುದ್ದೆ ಆಗ್ತದೆ. ಅದನ್ನ ಜೋಲಿಯ ಹೊರಗೆ, ಕೆಳಗಡೆ, ಎರಡು ತುದಿ ಕಟ್ಟಿ ತೂಗುಬಿಡಬೇಕು. ಅಜ್ಜನ ಕರೀ ಕಂಬಳಿ ಹಾಗೆ ಕಟ್ಟಿದ ರಾತ್ರಿ ಮೊದಲ ಸಲ ಬೆಳಗಿನವರೆಗೆ ಎಚ್ಚರಾಗಲಿಲ್ಲ.

ಇನ್ನು ಪರದೆ. ತೆಳು ನೈಲಾನಿನ ಮೂಲಕ ಸೊಳ್ಳೆ ಕೆಳಗಿಂದಲೇ ಕಚ್ತದೆ, ಅದಕ್ಕೆ ಜೋಡಿ ಪದರದ ಬಟ್ಟೆ ಒಳ್ಳೇದು. ಮೇಲ್ಭಾಗಕ್ಕೆ ಪರದೆ ಹೊಲಿದೇ ಬರೋ ಜೋಲಿಗಳೂ ಇವೆ, ನಾನು ತಂದದ್ದಕ್ಕೆ ಇರಲಿಲ್ಲ. ಚಿಕ್ಕಮ್ಮ ಹೊಲಿಗೆ ಮಿಷಿನ್ ಇಟ್ಟುಕೊಂಡಿದ್ದಾಳೆ, ಆ 24ನೇ ವರ್ಷದಿಂದ ಅದೇ ಅವಳ ಕೈಖರ್ಚು. ಕೇಳೋಕೆ ನಂಗೆ ಬಾಯಿ ಬರಲಿಲ್ಲ. ಗದ್ದೆ ಕಾಯೋಕೆ ಹೊರಗೆ ಮಲಗ್ತೇನೆ ಅಂತ ಅವಳೆದುರು ಹೇಳೋದು ಹೇಗೆ? ಎರಡು ದಿನ ಜೋಲಿ, ಪರದೆ ಬಟ್ಟೆ ಎರಡನ್ನೂ ಜಗಲಿ ಮೂಲೆಯಲ್ಲಿ ಇಟ್ಟು ಸುಮ್ಮನಿದ್ದೆ. ಮೂರನೇ ದಿನ ಅವಳೇ ತಗೊಂಡು ಹೋದಳು. ಸಂಜೆ ಬಂದು ಒಂದೇ ಮಾತು ಕೇಳಿದಳು, "ನೆಲದಿಂದ ಎಷ್ಟೆತ್ತರ ಕಟ್ತೆ?"

"ಕುರ್ಚಿಯಷ್ಟು, ಚಿಕ್ಕಮ್ಮ. ಅದಕ್ಕಿಂತ ಎತ್ತರ ಕಟ್ಟಿದರೆ ಬಿದ್ದಾಗ ಪೆಟ್ಟಾಗ್ತದೆ."

"ಪರದೆ ಜೋತಾಡಬಾರದು," ಅಂದಳು. ಅಂಗಳದಲ್ಲಿ ಕಟ್ಟಿಸಿ, ನನ್ನನ್ನ ಮಲಗಿಸಿ, ಸುತ್ತ ಒಂದು ಸುತ್ತು ಬಂದು ನೋಡಿ, ನೆಲಕ್ಕೆ ಹತ್ತಿರ ಬರ್ತಿದ್ದ ಅಂಚನ್ನ ಬಿಚ್ಚಿ ಮತ್ತೆ ಹೊಲಿದಳು. ಜಿಪ್ಪನ್ನ ಬಲಗೈಗೆ ಸಿಗೋ ಹಾಗೆ, ಒಳಗಿಂದಲೂ ಹೊರಗಿಂದಲೂ ತೆರೆಯೋ ಹಾಗೆ ಹಾಕಿದ್ದಾಳೆ. ಆ ಜಿಪ್ಪಿನ ಬೆಲೆ ಆರನೇ ರಾತ್ರಿ ತಿಳೀತು. ಹಂದಿ ಗುಂಪು ಹತ್ತು ಮಾರು ದೂರದಲ್ಲಿ ಬದುವಿನ ಮೇಲೆ ಬಂತು. ಕತ್ತಲಲ್ಲಿ ತಡಕಾಡದೆ ಒಂದೇ ಎಳೆತಕ್ಕೆ ತೆರೆದು ಕೂತು ಡಬ್ಬ ಬಡಿದೆ.

ಇಳಿಯೋ ಮೊದಲು ಬ್ಯಾಟರಿ ಬಿಟ್ಟು ನೆಲ ನೋಡೋದು, ಚಪ್ಪಲಿ ಕೆಳಗೆ ಬಿಡದೆ ಪಟ್ಟಿಗೆ ತೂಗುಹಾಕೋದು, ಎರಡೂ ಚಿಕ್ಕಮ್ಮನ ಕಟ್ಟಪ್ಪಣೆ. ಜೋಲಿಯಲ್ಲಿ ಮಲಗಿದ್ದೇನೆ, ಏನೂ ಆಗೋದಿಲ್ಲ ಅಂದ್ಕೊಂಡು ಅರೆನಿದ್ದೆಯಲ್ಲಿ ಬರಿಗಾಲು ಇಳಿಸಿದರೆ ಇಷ್ಟೆಲ್ಲ ಮಾಡಿ ಏನು ಬಂತು? ಕೊಯ್ಲಾದ ಮೇಲೆ ಬೆಟ್ಟದಲ್ಲಿ ಮಲಗೋಣ ಅಂತ ಅಳಿಯ ಹೇಳ್ತಿದ್ದಾನೆ, ಅದಕ್ಕೆ ನಾನು ಒಪ್ಪಿಲ್ಲ. ಡಿಸೆಂಬರಿಂದ ದರಕಿನಲ್ಲಿ ಸಣ್ಣ ಉಣುಗು ತುಂಬಿರ್ತದೆ. ಮಂಗನ ಕಾಯಿಲೆ 1957ರಲ್ಲಿ ಪಕ್ಕದ ಸೊರಬದ ಕ್ಯಾಸನೂರು ಕಾಡಲ್ಲೇ ಮೊದಲು ಗೊತ್ತಾದದ್ದು, ಇವತ್ತಿಗೂ ನಮ್ಮ ಜಿಲ್ಲೆ ಬಿಟ್ಟಿಲ್ಲ. ಜೋಲಿ ಮೈಯನ್ನ ದರಕಿನಿಂದ ಮೇಲೆತ್ತಿ ಇಡ್ತದೆ ನಿಜ, ಆದರೆ ಕಟ್ಟೋಕೆ, ಇಳಿಯೋಕೆ, ಒಲೆ ಹೂಡೋಕೆ ದರಕು ತುಳೀಲೇಬೇಕಲ್ಲ. ಮಂಗ ಸತ್ತ ಸುದ್ದಿ ಇರೋ ಕಾಡಿಗಂತೂ ಕಾಲಿಡಬೇಡಿ.

ಒಂದು ದೂರು ಉಳಿದಿದೆ. ಮಾಳದ ದಬ್ಬೆ ಬೆನ್ನಿಗೆ ಚುಚ್ಚಿ ಗಂಟೆಗೊಮ್ಮೆ ಎಬ್ಬಿಸ್ತಿತ್ತು, ಆಗ ಎದ್ದು ಒಂದು ಕೂಗು ಹಾಕ್ತಿದ್ವಿ. ಈ ಜೋಲಿಯಲ್ಲಿ ನಿದ್ದೆ ಜಾಸ್ತಿ. ಕಂಬಳಿ ಕೆಳಗೆ ಕಟ್ಟಿದ ಆ ಒಳ್ಳೆ ರಾತ್ರಿಯೇ ಹಂದಿ ಬಂದು ಕೆಳಗಿನ ಗದ್ದೆಯಲ್ಲಿ ಎರಡು ಗುಂಟೆ ಮಲಗಿಸಿ ಹೋಗಿತ್ತು. ಜೋಲಿಯಿಂದ ಇಪ್ಪತ್ತು ಹೆಜ್ಜೆ, ನಂಗೆ ಸುದ್ದಿಯೇ ಇಲ್ಲ. ಆಮೇಲಿಂದ ಮೊಬೈಲಲ್ಲಿ ಹನ್ನೊಂದು, ಒಂದು, ಮೂರು ಗಂಟೆಗೆ ಅಲಾರಂ ಇಡ್ತಿದ್ದೆ.

ಜೋಲಿ ತೊಳೆದು ಅಂಗಳದ ಸರಿಗೆಗೆ ಹಾಕಿದ್ದೇನೆ. ಕಾಲಿನ ಕಡೆ ಪರದೆ ಒಂದು ಗೇಣು ಹರಿದಿದೆ, ಹಲಸಿನ ಕಡ್ಡಿ ತಾಗಿ. ಚಿಕ್ಕಮ್ಮ ನೋಡಿದ್ದಾಳೆ. ಒಣಗಲಿ, ಆಮೇಲೆ ಕೊಡು ಅಂದಳು.