ಡೆಲಿವರಿ ಆದದ್ದೂ, ಮುಟ್ಟಿದ್ದೂ

ಸಾಗರದ ಆ ನಿವೃತ್ತ ಮೇಷ್ಟ್ರು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವರು. ‘ಸೆಂಡ್’ ಬೇರೆ, ‘ಡಿಸ್ಪ್ಯಾಚ್’ ಬೇರೆ ಎಂದು ಹುಡುಗರ ಕಿವಿ ಹಿಂಡಿ ಹೇಳಿಕೊಟ್ಟವರು. ಅಂಥವರನ್ನೇ ಒಂದು ಪಾರ್ಸೆಲ್ಲು ನಾಲ್ಕು ದಿನ ಪರೀಕ್ಷೆಗೆ ಕೂರಿಸಿತು.

ಪುಣೆಯಲ್ಲಿರುವ ಮಗಳಿಗೆ ಹೆರಿಗೆಯಾಗಿತ್ತು. ಬಾಣಂತನಕ್ಕೆ ಹೋಗಬೇಕಾಗಿದ್ದ ಮೇಷ್ಟ್ರ ಹೆಂಡತಿ ಅಂಗಳದಲ್ಲಿ ಜಾರಿಬಿದ್ದು, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಂಚ ಹಿಡಿದಿದ್ದರು. ಭಾನುವಾರ ನಾಮಕರಣ. ತಾನು ಹೋಗದಿದ್ದರೂ ತನ್ನ ಹಳೆಯ ಸೀರೆಗಳಿಂದ ಹೊಲಿದ ಕೌದಿಯಾದರೂ ತೊಟ್ಟಿಲಿಗೆ ಹೋಗಲೆಂದು ಆಕೆಯ ಹಟ. ಮೇಷ್ಟ್ರು ಅದನ್ನು ಕೊರಿಯರಿಗೆ ಕೊಟ್ಟು ಬಂದರು.

ಮೊದಲು ಮೊಬೈಲಿಗೆ ಬಂದದ್ದು ‘ಶಿಪ್ಡ್’. “ಪುಣೆಗೆ ಹಡಗು ಎಲ್ಲಿಂದ ಬಂತೂರಿ?” ಎಂದು ಆಕೆ ಗಾಬರಿಯಾದರು. ಹಡಗಿಗೆ ಸರಕು ಹೇರುವ ಆ ಮಾತನ್ನು ಹತ್ತೊಂಬತ್ತನೇ ಶತಮಾನದ ಅಮೆರಿಕದವರು ರೈಲಿನ ಸರಕಿಗೂ ಅಂಟಿಸಿದರೆಂದೂ, ಈಗ ಲಾರಿಯಲ್ಲಿ ಹೋದರೂ ‘ಶಿಪ್’ ಎಂದೇ ಅನ್ನುತ್ತಾರೆಂದೂ ಮೇಷ್ಟ್ರು ಪಾಠ ಮಾಡಿದರು. ಆಮೇಲೆ ‘ಇನ್ ಟ್ರಾನ್ಸಿಟ್’. ಅಂದರೆ ದಾರಿಯಲ್ಲಿದೆ. ಓಡುತ್ತಿದ್ದರೂ ಅದೇ ಮಾತು, ಗೋದಾಮಿನಲ್ಲಿ ಮಲಗಿದ್ದರೂ ಅದೇ ಮಾತು. ಶನಿವಾರ ಬೆಳಿಗ್ಗೆ ‘ಔಟ್ ಫಾರ್ ಡೆಲಿವರಿ’. “ಡೆಲಿವರಿ ಆಗಿ ಹನ್ನೊಂದು ದಿನ ಆಯ್ತಲ್ರೀ!” ಎಂದರು ಬಾಣಂತಿಯ ತಾಯಿ.

ಸಂಜೆ ‘ಡೆಲಿವರ್ಡ್’ ಎಂದು ಬಂತು. ಖುಷಿಯಿಂದ ಮಗಳಿಗೆ ಫೋನು ಮಾಡಿದರೆ, “ಇಲ್ಲಪ್ಪಾ, ಏನೂ ಬಂದಿಲ್ಲ” ಎಂಬ ಉತ್ತರ. ಅಡಿಗೆಮನೆಯಲ್ಲಿ ಅನ್ನ ಆರಿತು. ಆಕೆ ಊಟಕ್ಕೆ ಏಳಲಿಲ್ಲ.

ಮೇಷ್ಟ್ರಿಗೂ ನಿದ್ದೆ ಬರಲಿಲ್ಲ. ನಿಘಂಟು ತೆಗೆದರು. ‘ಡೆಲಿವರ್’ ಎಂಬುದರ ಲ್ಯಾಟಿನ್ ಮೂಲಕ್ಕೆ ಬಿಡುಗಡೆ ಮಾಡು ಎಂದರ್ಥ. ಬಿಡುಗಡೆ ಯಾರಿಗೆ? ಹೊತ್ತು ತಂದವನಿಗೇ ಇರಬೇಕು! ಹಿಂದೆ ರಿಜಿಸ್ಟರ್ಡ್ ಅಂಚೆಗೆ ಸ್ವೀಕೃತಿ ಚೀಟಿ ಅಂಟಿಸಿದರೆ ಪಡೆದವರ ಸಹಿ ಹೊತ್ತು ಅದು ಹಿಂದಕ್ಕೆ ಬರುತ್ತಿತ್ತು. ಆ ರಿಜಿಸ್ಟರ್ಡ್ ಅಂಚೆಯೇ 2025ರಲ್ಲಿ, ತನಗಿಂತ ಎಷ್ಟೋ ಕಿರಿಯದಾದ, 1986ರ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಯಿತು. ಹಳೆಯ ಕಾಗದಗಳ ಕೊನೆಯಲ್ಲಿ ಹಿರಿಯರು ‘ಮುಟ್ಟಿದ್ದಕ್ಕೆ ಬರೆಯುವುದು’ ಎನ್ನುತ್ತಿದ್ದರು. ಕಳಿಸಿದ್ದು, ತಲುಪಿದ್ದು ಎಲ್ಲ ಸರಿ. ಪಡೆಯುವವರ ಕೈಗೆ ತಾಗದೆ ಯಾವುದೂ ಮುಟ್ಟಿದಂತಲ್ಲ. ಇಂಗ್ಲಿಷಿನ ಮಾತು ಕೊಡುವವನ ಕಡೆಯದು, ಕನ್ನಡದ್ದು ಪಡೆಯುವವರ ಕಡೆಯದು.

ಭಾನುವಾರ ಬೆಳಿಗ್ಗೆ ಅಳಿಯ ಗೇಟಿನವರೆಗೂ ಹೋಗಿ ಹುಡುಕಿದ. ವಾಚ್‌ಮನ್ ಕುರ್ಚಿಯ ಕೆಳಗೆ ಪಾರ್ಸೆಲ್ಲು ಕುಳಿತಿತ್ತು. ಹತ್ತು ಗಂಟೆಗೆ ವಿಡಿಯೋ ಕರೆ ಬಂತು. ತೊಟ್ಟಿಲಲ್ಲಿ ಕೂಸು, ಕೌದಿಯ ಅಂಚು ಅದರ ಮುಷ್ಟಿಯಲ್ಲಿ.

“ಈಗ ಮುಟ್ಟಿತು ಕಣ್ರೀ” ಎಂದು ಆಕೆ ಕಣ್ಣೊರೆಸಿಕೊಂಡರು.

ಮೇಷ್ಟ್ರು ಕೊರಿಯರಿನವರ ಮೆಸೇಜನ್ನು ಅಳಿಸಿಹಾಕಿದರು.